ಬಚ್ಚಲಿಗೆ ನಿಷೇಧಾಜ್ಞೆ

ಎದುರುಮನೆಯ ನಿವೃತ್ತ ಡ್ರಿಲ್ ಮೇಷ್ಟ್ರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೊನ್ನೆ ಕೈ ತೊಳೆಯುವ ನೆಪದಲ್ಲಿ ನಮ್ಮ ಬಚ್ಚಲಿಗೆ ನುಗ್ಗಿ, ಟೈಲ್ಸ್ ಸಂದಿಗೆ ತುಂಬಿದ ಗ್ರೌಟನ್ನು ಉಗುರಿನಿಂದ ಕೆರೆದು, "ಪಾಚಿ ಕಟ್ಟಿದೆಯಲ್ರೀ! ನೀರು ಹೀರದ ಹಾಗೆ ಸೀಲರ್ ಹಚ್ಚಿ. ಮೇಲೆ ಹೊಳೆಯೋದು ಬೇಡ, ಒಳಗೆ ಇಳಿಯೋದು ತಗೊಳ್ಳಿ" ಎಂದು ಅಪ್ಪಣೆ ಕೊಡಿಸಿದರು. ಅದೂ ನನ್ನ ಅತ್ತೆಯ ಎದುರಿಗೆ! ಇನ್ನು ಈ ಜನ್ಮದಲ್ಲಿ ಆ ಮನುಷ್ಯನ ಹೊಸಿಲು ತುಳಿಯುವುದಿಲ್ಲ ಎಂದು ಅವತ್ತೇ ಶಪಥ ಮಾಡಿದೆ. ಮೇಲೆ ಹೊಳೆಯುವ ಸೀಲರನ್ನೇ ತಂದೆ. (ಹಟ ಅಂದರೆ ಹಟ.)

ಗ್ರೌಟ್ ತಿಕ್ಕಿ, ಒಣಗಿಸಿ, ಮೊಣಕಾಲೂರಿ, ಸಣ್ಣ ಬ್ರಷ್ಷಿನಿಂದ ಸಂದುಸಂದಿಗೂ ಬಳಿದೆ. ಸೊಂಟ ಬಿದ್ದುಹೋಯಿತು. ಎದ್ದವನೇ ನಿಷೇಧಾಜ್ಞೆ ಹೊರಡಿಸಿದೆ.

"ಇದು ಒಣಗ್ಬೇಕು, ನಾಳೆ ಸಂಜೆವರೆಗೂ ಇಲ್ಲಿ ಒಂದು ತೊಟ್ಟು ನೀರು ಬಿದ್ರೂ ನಾನು ಮನುಷ್ಯ ಆಗಿರಲ್ಲ!"

"ಸ್ನಾನ, ಸಂಡಾಸು ಎಲ್ಲಾ ಇದೊಂದೇ ರೂಮು. ನಾವೆಲ್ಲಿಗೆ ಹೋಗ್ಬೇಕು?" ಎಂದಳು ಹೆಂಡತಿ.

"ಎಲ್ಲಿಗಾದ್ರೂ ಹೋಗಿ!"

ಹೋದರು. ಎಲ್ಲಿಗೆ? ಎದುರುಮನೆಗೆ! ಹೆಂಡತಿ, ಮಗಳು, ಅತ್ತೆ ಬಟ್ಟೆ ಹಿಡಿದು ಮೆರವಣಿಗೆ ಹೊರಟರು. ದ್ರೋಹಿಗಳು! ತಲೆಗೆ ಟವೆಲ್ ಸುತ್ತಿಕೊಂಡು ಬಂದ ಅತ್ತೆ, "ಅವರ ಬಚ್ಚಲು ಎಷ್ಟು ಚೆನ್ನಾಗಿದೆ ಅಳಿಯಂದ್ರೇ!" ಎಂದರು. ಬೇಕೆಂದೇ ಅಂದದ್ದು. ಹೊರಗಿಂದ ಬಂದವರು ಮೊದಲು ಬಚ್ಚಲಿಗೆ ಹೋಗಿ ಕಾಲು ತೊಳೆಯಬೇಕು ಎಂಬುದು ಈ ಮನೆಗೆ ನಾನೇ ಮಾಡಿದ ಕಾನೂನು. ಅವತ್ತು ಮಾತ್ರ ಎಲ್ಲರೂ ಗೇಟಿನ ಪಕ್ಕದ ನಲ್ಲಿಯಲ್ಲಿ ತೊಳೆದುಕೊಂಡು ಒಳಗೆ ಬಂದರು.

ನಾನು ಬಗ್ಗಲಿಲ್ಲ. ಮರುದಿನ ಬೆಳಗ್ಗೆ ಹೊಟ್ಟೆ ಗುಡುಗಿತು. ಹಲ್ಲು ಕಚ್ಚಿದೆ, ಗೋಡೆ ಹಿಡಿದೆ. ಶಪಥದ ಮರ್ಯಾದೆ ಹೊಟ್ಟೆಗೆಲ್ಲಿ ಗೊತ್ತಾಗಬೇಕು! ಓಡಿದೆ. ಮೇಷ್ಟ್ರು ಬಾಗಿಲು ತೆರೆದು, ಟ್ರಾಫಿಕ್ ಪೊಲೀಸರ ಹಾಗೆ ಕೈ ತೋರಿಸಿದರು. ಬೈದಿದ್ದರೂ ಸಹಿಸುತ್ತಿದ್ದೆ, ಆ ಕೈಸನ್ನೆಗೆ ರಕ್ತ ಕುದಿಯಿತು.

ವಾಪಸು ಬರುವಾಗ ಸಿಟ್ಟಿನಲ್ಲಿ ಕಣ್ಣೇ ಕಾಣುತ್ತಿರಲಿಲ್ಲ. ಬೈಯುತ್ತ ಮನೆ ಹೊಕ್ಕೆ, ಬೈಯುತ್ತಲೇ ನೆಟ್ಟಗೆ ಬಚ್ಚಲಿಗೆ ನಡೆದೆ, ಬೈಯುತ್ತಲೇ ನಲ್ಲಿ ತಿರುಗಿಸಿ ಎರಡೂ ಕಾಲು ತಿಕ್ಕಿ ತಿಕ್ಕಿ ತೊಳೆದುಕೊಂಡೆ.

"ಅಪ್ಪಾ, ನೀರು!" ಮಗಳು ಕಿರುಚಿದಳು.

ಹೊಳೆಯಬೇಕಿದ್ದ ಸೀಲರ್ ಸುಣ್ಣದ ನೀರಿನಂತೆ ಬೆಳ್ಳಗಾಗಿತ್ತು. ಹೆಂಡತಿ ಬಂದು ನೋಡಿದಳು. ನೆಟ್ಟಗೆ ಕಿಟಕಿಗೆ ಹೋಗಿ ಎದುರುಮನೆಗೆ ಕೂಗಿದಳು:

"ಮೇಷ್ಟ್ರೇ, ಇವರೇ ಹೋಗಿ ಹಸಿ ಸೀಲರ್ ಮೇಲೆ ಕಾಲು ತೊಳೆದುಬಿಟ್ರು! ಎಲ್ಲಾ ಕೆರೆದು ಮತ್ತೆ ಹಚ್ಬೇಕು. ಅಲ್ಲೀವರೆಗೂ ನಿಮ್ಮಲ್ಲಿಗೇ ಬರ್ತಾರೆ!"

"ಬರ್ಲಿ ಬರ್ಲಿ," ಎಂದರು ಮೇಷ್ಟ್ರು. "ಒಳಗೆ ಇಳಿಯೋ ಸೀಲರ್ ನನ್ನ ಹತ್ರ ಮಿಕ್ಕಿದೆ, ಕೊಡ್ತೀನಿ. ಕಾಲು ಮಾತ್ರ ಇಲ್ಲೇ ತೊಳ್ಕೊಂಡು ಹೋಗೋಕೆ ಹೇಳಮ್ಮಾ!"