ಚೊಂಬು ತುಳುಕದ ಕಾರ್ಬ್ಯುರೇಟರ್

ನನ್ನ ಸೋದರಮಾವ ಹೆಣ್ಣು ನೋಡಿ ಒಪ್ಪಲು ತೆಗೆದುಕೊಂಡದ್ದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಕಾರ್ಬ್ಯುರೇಟರ್ ನೋಡಿ ಒಪ್ಪಲು ತೆಗೆದುಕೊಂಡದ್ದು ಹನ್ನೊಂದು ತಿಂಗಳು! ಇದನ್ನು ಅತ್ತೆಯ ಎದುರಿಗೇ ಹೇಳಿದ್ದೇನೆ. "ನನ್ನ ನೋಡಕ್ ಬಂದಾಗ ಕಾಫಿನೂ ಪೂರ್ತಿ ಕುಡೀಲಿಲ್ಲ ಕಣಪ್ಪ" ಎಂದು ಅವರು ತಿದ್ದಿದರು.

ಪಾಂಡವಪುರದ ಅವರ ಮನೆ ಮುಂದೆ ಮಾವನ ಅಪ್ಪನ ಕಾಲದ ಅಂಬಾಸಿಡರ್ ಕಾರೊಂದಿದೆ. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಉಣಿಸುವ ಡಬ್ಬಿಯೇ ಕಾರ್ಬ್ಯುರೇಟರ್. ಅದು ಸವೆದು ಸವೆದು, ಕಾರು ಹೊರಡುವಾಗ ಎರಡು ಸಲ ಮುಗ್ಗರಿಸಿ ಮೂರನೆಯ ಸಲ ಜಿಗಿಯುತ್ತಿತ್ತು. ಜಿಗಿದರೇನಂತೆ, ಹಳೇ ಕಾರಲ್ಲವೇ ಎನ್ನಬಹುದು. ಆದರೆ ಅತ್ತೆಗೆ ಬೆನ್ನಿನ ಆಪರೇಷನ್ ಆಗಿತ್ತು. ಕುಲುಕಾಟ ಕೂಡದೆಂದಿದ್ದರು ಡಾಕ್ಟರು. ಬಸ್ಸು ಹತ್ತುವ ಹಾಗಿಲ್ಲ. ನನ್ನ ಹೊಸ ಕಾರು ಹತ್ತಿದರೆ ಒಳಗಿನ ವಾಸನೆಗೇ ವಾಂತಿ. ಹೀಗಾಗಿ ಅವರು ನಾಗಮಂಗಲದಲ್ಲಿರುವ ಅಕ್ಕನ ಮುಖ ನೋಡಿ ಎರಡು ವರ್ಷವಾಗಿತ್ತು. ಆ ಅಕ್ಕನೂ ಹಾಸಿಗೆ ಹಿಡಿದಿದ್ದರು. ದಿನಾ ಫೋನಿನಲ್ಲಿ ಮಾತು. ಮಾತು ಮುಗಿದ ಮೇಲೆ ಇಬ್ಬರದೂ ಅಳು.

ಮಾವ ಕೆ.ಆರ್.ಎಸ್.ನಲ್ಲಿ ನಾಲೆಯ ತೂಬು ಎತ್ತಿ ಇಳಿಸಿ ರಿಟೈರಾದವರು. ಅವರ ಪ್ರಕಾರ ಜಗತ್ತಿನ ಸಕಲ ಸಮಸ್ಯೆಯೂ ತೂಬಿನದೇ. "ಊರೂರಿಗೆ ನೀರು ಬುಟ್ಟೋನು ಕಣ್ಲಾ ನಾನು. ಒಂದು ಡಬ್ಬಿಗೆ ಪೆಟ್ರೋಲ್ ಬುಡಕ್ ಬರಕಿಲ್ವಾ?"

ಮೊದಲ ಬೇಟೆ ಕೆ.ಆರ್. ಪೇಟೆಯ ಗುಜರಿ ಅಂಗಡಿಯಲ್ಲಿ. ಹೇಮಗಿರಿಯ ದನಗಳ ಜಾತ್ರೆಯಲ್ಲಿ ಎತ್ತು ಆರಿಸಿ ಪಳಗಿದ ಕೈ ಅವರದು. ಗುಡ್ಡೆ ಹಾಕಿದ್ದ ಕಾರ್ಬ್ಯುರೇಟರುಗಳನ್ನು ಒಂದೊಂದಾಗಿ ಎತ್ತಿ ಬಾಯಿ ನೋಡಿದರು, ಬೆನ್ನು ಸವರಿದರು. ಸುಳಿ ಹುಡುಕಲಿಲ್ಲ, ಅಷ್ಟೇ! ಕೊನೆಗೆ ಎಲ್ಲಕ್ಕಿಂತ ಅಗಲ ಬಾಯಿಯದನ್ನು ಕಂಕುಳಲ್ಲಿ ಇರುಕಿಕೊಂಡರು.

"ಯಜಮಾನ್ರೇ, ಅದು ದೊಡ್ಡ ಇಂಜಿನ್ದು" ಎಂದ ಅಂಗಡಿಯವನು.

"ಬಾಯಿ ದೊಡ್ಡದಿದ್ರೆ ಚೆಂದಾಗಿ ಮೇಯ್ತದೆ ಬುಡು."

ಮೇಯ್ದಿತು! ಪೆಟ್ರೋಲನ್ನು ಚೆನ್ನಾಗಿಯೇ ಮೇಯ್ದಿತು. ಖಾಲಿ ರಸ್ತೆಯಲ್ಲಿ ಜೋರಾಗಿ ತುಳಿದರೆ ಓಡುತ್ತಲೂ ಇತ್ತು. ಆದರೆ ನಿಧಾನಕ್ಕೆ ಹೊರಡಿಸಿದರೆ ಮೊದಲಿಗಿಂತ ಎತ್ತರಕ್ಕೆ ಜಿಗಿಯುತ್ತಿತ್ತು.

ಪರೀಕ್ಷೆಯ ವಿಧಾನವೂ ಮಾವನದೇ. ಹಿಂದಿನ ಸೀಟಿನಲ್ಲಿ ಅತ್ತೆ ಕೂರುವ ಜಾಗದಲ್ಲಿ ನಾನು. ನನ್ನ ತೊಡೆಯ ಮೇಲೆ ಕಂಠಮಟ್ಟ ನೀರು ತುಂಬಿದ ಹಿತ್ತಾಳೆ ಚೊಂಬು. ನೀರು ತುಳುಕಿದರೆ ಕಾರ್ಬ್ಯುರೇಟರ್ ಫೇಲು. ತಿಂಗಳುಗಟ್ಟಲೆ ಮಾವ ಅದರದೇ ತಿರುಪು ತಿರುಗಿಸಿ ತಿರುಗಿಸಿ ಮತ್ತೆ ಪರೀಕ್ಷೆಗಿಟ್ಟರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನಾನು ಪ್ರತಿ ಭಾನುವಾರ ಪ್ಯಾಂಟು ನೆನೆಸಿಕೊಂಡು ಕಾರಿನಿಂದ ಇಳಿಯುತ್ತಿದ್ದೆ. ನೋಡಿದವರು ಏನೆಂದುಕೊಳ್ಳಬೇಕು? "ಮೇಷ್ಟ್ರೇ, ನಾಚ್ಕಬ್ಯಾಡಿ, ಡಾಕ್ಟ್ರಿಗೆ ತೋರಿಸ್ಕಳಿ" ಎಂದ ಎದುರುಮನೆಯ ಮಹಾನುಭಾವ!

ಮಾವನನ್ನು ಕಾಡಿ ಬೇಡಿ ಶ್ರೀರಂಗಪಟ್ಟಣದ ಮೆಕ್ಯಾನಿಕ್ ಸಾಹೇಬರ ಹತ್ತಿರ ಕರೆದೊಯ್ದೆ. ಬಾನೆಟ್ ಎತ್ತಿದ ಸಾಹೇಬರು ನಕ್ಕರು. "ಗೌಡ್ರೇ, ರೇಸಿಗೆ ಹೋಗ್ತೀರಾ? ಚಿಕ್ಕ ಇಂಜಿನ್ಗೆ ಇಷ್ಟು ದೊಡ್ಡ ಬಾಯಿ ಕೊಟ್ರೆ, ನಿಧಾನಕ್ಕೆ ಹೋಗುವಾಗ ಒಳಗೆ ಗಾಳಿ ಜೋರಾಗಿ ಓಡೋದೇ ಇಲ್ಲ. ಪೆಟ್ರೋಲ್ ಎಳ್ಕೊಳ್ಳೋದು ಯಾರು? ಚಿಕ್ಕದು ಹಾಕಿ, ಆರಾಮಾಗಿ ಹೋಗಿ."

ಚಿಕ್ಕದು! ಮಾವನಿಗೆ ಅವಮಾನವಾಯಿತು. ಎರಡು ದಿನ ನಾಲೆಯ ಏರಿಯ ಮೇಲೆ ಒಬ್ಬರೇ ಕೂತರು. ಮೂರನೆಯ ದಿನ ಸ್ಕೂಲಿಗೇ ಫೋನು ಬಂತು.

"ಲೇ, ನಾಲೆ ಅಗಲ ಇರೋ ಕಡೆ ನೀರು ಮಲಿಕತದೆ. ಕಿರಿದಾದ ಕಡೆ ಓಡ್ತದೆ. ವರ್ಷಾನುಗಟ್ಲೆ ನೋಡಿವ್ನಿ, ತಲೆಗೋಗ್ಲಿಲ್ಲ ನೋಡ್ಲಾ!"

"ಸಾಹೇಬ್ರು ಹೇಳಿದ್ದೂ ಅದೇ ಅಲ್ವಾ ಮಾವ?"

"ಅವ್ರು ಗಾಳಿ ವಿಷ್ಯ ಏಳುದ್ರು. ನಾನು ನೀರಿನ ವಿಷ್ಯ ಏಳ್ತಿವ್ನಿ!"

ಚಿಕ್ಕದು ಬಂತು. ಸಾಹೇಬರೇ ಕೂರಿಸಿ, ತಿರುಪು ತಿರುಗಿಸಿ ಹದ ಮಾಡಿಕೊಟ್ಟರು. ಆ ಭಾನುವಾರ ಊರೆಲ್ಲ ಸುತ್ತಿ ಬಂದರೂ ನನ್ನ ಪ್ಯಾಂಟು ಒಣಗೇ ಇತ್ತು. ಮಾವ ಚೊಂಬನ್ನು ಇಸಿದುಕೊಂಡು ಅದರೊಳಗೆ ತುಸು ಹೊತ್ತು ನೋಡಿದರು. ಆಮೇಲೆ ನೀರನ್ನೆಲ್ಲ ಗಟಗಟನೆ ಕುಡಿದು, "ಓಗು, ನಿಮ್ಮತ್ತೆ ಕರ್ಕ ಬಾ" ಎಂದರು.

ನಾನು ಮುಂದೆ ಮಾವನ ಪಕ್ಕಕ್ಕೆ ಸರಿದೆ, ಅತ್ತೆ ಬಂದು ಹಿಂದೆ ಕೂತರು. ಜಿಗಿತದ ಭಯಕ್ಕೆ ಕಣ್ಣು ಬಿಗಿಯಾಗಿ ಮುಚ್ಚಿ, ಸೆರಗು ಕಚ್ಚಿಕೊಂಡು, ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದರು. ಕಾರು ನಮ್ಮ ಬೀದಿ ದಾಟಿತು, ಪೇಟೆ ದಾಟಿತು, ನಾಗಮಂಗಲದ ರಸ್ತೆಗೆ ತಿರುಗಿತು. ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು:

"ಏನ್ರೀ, ಇನ್ನೂ ಗಾಡಿ ಬುಟ್ಟಿಲ್ವಾ?"

ಮಾವ ಹಿಂದಕ್ಕೆ ತಿರುಗಲಿಲ್ಲ. ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು.

"ಬುಟ್ಟು ಬಾಳ ಒತ್ತಾಯ್ತು ಕಣಮ್ಮಿ. ಕಣ್ ಬುಡು. ನಿಮ್ಮಕ್ಕನೂರ್ ರೋಡು."