ಅಳಿಯ ಬೆನ್ನು ಉಜ್ಜುವ ಭಾನುವಾರ

ಪರಪರ, ಪರಪರ. ನಾನು ಮೊಣಕೈ ಕೆರೆದುಕೊಳ್ಳುವ ಸದ್ದು ಅಡುಗೆಮನೆಯವರೆಗೂ ಕೇಳುತ್ತದಂತೆ.

"ರೀ, ಗೋಡೆ ಸುಣ್ಣ ಕೆರೀತಿದ್ದೀರಾ?" ಎಂದಳು ಹೆಂಡತಿ ಓಕ್‌ಬುನ್, ಎಲೆಕೋಸಿಗೆ ಉಪ್ಪು ಸವರುತ್ತ.

"ನೋಡ್ತಾ ಇರು. ಬರೋ ತಿಂಗಳೊಳಗೆ ನನ್ನ ಚರ್ಮ ಅಕ್ಕಿ ಕಡುಬಿನ ಹಾಗೆ ನುಣುಪಾಗದಿದ್ರೆ ನಾನು ಮಾ ದೊಕ್‌ಚೂನೇ ಅಲ್ಲ."

ಶಪಥಕ್ಕೆ ಕಾರಣ, ನಮ್ಮ ಮಗಳು ಸೋಲ್ಮಿಯನ್ನು ಮದುವೆಯಾಗಲಿರುವ ಕಿಯೊಲ್. "ಮಾವ, ಮುಂದಿನ ತಿಂಗಳ ಮೊದಲ ಭಾನುವಾರ ಊರಿನ ಸಾರ್ವಜನಿಕ ಸ್ನಾನಗೃಹಕ್ಕೆ ಹೋಗೋಣ. ನಿಮ್ಮ ಬೆನ್ನು ನಾನೇ ಉಜ್ಜಿಕೊಡ್ತೀನಿ," ಎಂದಿದ್ದ. ಅಪ್ಪನ ಬೆನ್ನನ್ನು ಮಗನೇ ಉಜ್ಜುವ, ಕೊರಿಯಾದ ನಮ್ಮ ಜೊಂಜು ಊರಿನಲ್ಲಿ ಗಂಡುಮಕ್ಕಳಿಲ್ಲದವನಿಗೆ ಇದಕ್ಕಿಂತ ದೊಡ್ಡ ಮಾತಿಲ್ಲ. ಅಪ್ಪ ತೀರಿಕೊಂಡ ಮೇಲೆ ನನ್ನ ಬೆನ್ನನ್ನು ಯಾರೂ ಉಜ್ಜಿಲ್ಲ. ಆದರೆ ಆ ಬೆನ್ನ ತುಂಬ ಸೋರಿಯಾಸಿಸ್: ಕೆಂಪು ಮಚ್ಚೆ, ಮೇಲೆ ಬೆಳ್ಳಿಬಣ್ಣದ ಹೊಟ್ಟು. ನಾಚಿಕೆಯಿಂದ ನಾನು ಸ್ನಾನಗೃಹದ ಹೊಸ್ತಿಲು ತುಳಿದೇ ವರ್ಷಗಳಾಗಿದ್ದವು.

ಒಳಗಿನ ರೋಗನಿರೋಧಕ ಸೈನ್ಯ ಸೊರಗಿದೆ, ಬಲಪಡಿಸಿದರೆ ಸಾಕು ಎಂದು ನಾನೇ ತೀರ್ಪು ಕೊಟ್ಟೆ. ಬೆಳಿಗ್ಗೆ ಸಂಜೆ ಕೆಂಪು ಜಿನ್‌ಸೆಂಗ್ ಬೇರಿನ ಕಷಾಯ ಕುಡಿದೆ. ಮೈ ಉಜ್ಜುವ ಒರಟು ಕೈಗವಸು ತೊಟ್ಟು ಹೊಟ್ಟನ್ನೆಲ್ಲ ಉದುರಿಸಿದೆ. ಕೈ ಎಟುಕದ ಕಡೆಗೆ ಅದನ್ನು ಬಾಗಿಲ ಚೌಕಟ್ಟಿಗೆ ಕಟ್ಟಿ ಎಮ್ಮೆಯಂತೆ ಮೈ ತಿಕ್ಕಿದೆ. ಕೆಲವು ದಿನ ಹೊಳೆದೆ. ಆಮೇಲೆ, ಗವಸು ಹರಿದಾಡಿದ ಗೆರೆಗೆರೆಯಲ್ಲೂ ಹೊಸ ಮಚ್ಚೆ! ಬೆನ್ನು ಉತ್ತ ಗದ್ದೆಯಾಯಿತು.

ಓಕ್‌ಬುನ್ ಚರ್ಮವೈದ್ಯೆಯ ಬಳಿಗೆ ಎಳೆದೊಯ್ದಳು.

"ನಿಮ್ಮ ರೋಗನಿರೋಧಕ ಶಕ್ತಿ ಕಮ್ಮಿಯಾಗಿಲ್ಲ ಯಜಮಾನ್ರೇ, ಅದರ ಉತ್ಸಾಹ ಹೆಚ್ಚಾಗಿದೆ," ಎಂದರು ವೈದ್ಯೆ. "ಕಳ್ಳನಿಲ್ಲದ ಮನೇಲಿ ಕಾವಲುಗಾರ ಸ್ವಂತ ಗೋಡೆಗೇ ಬಡೀತಿದ್ದಾನೆ. ಗಾಬರಿಗೆ ಚರ್ಮ ಬೇಗಬೇಗ ಬೆಳೆಯುತ್ತೆ, ಅದೇ ಈ ಹೊಟ್ಟು. ಉಜ್ಜಿ ಗಾಯ ಮಾಡಿದ ಕಡೆಗೆಲ್ಲ ಅವನು ಮತ್ತೆ ಓಡಿ ಬರ್ತಾನೆ."

"ಅಂಥವನಿಗೆ ಇವರು ದಿನಾ ಜಿನ್‌ಸೆಂಗ್ ಕುಡಿಸಿದಾರೆ," ಎಂದಳು ಹೆಂಡತಿ.

"ಅದರಿಂದಲೇ ಹೆಚ್ಚಾಯ್ತು ಅಂತ ಹೇಳಲಾರೆ. ಉಜ್ಜಿದ್ದಂತೂ ತಪ್ಪು. ಸದ್ಯಕ್ಕೆ ಮುಲಾಮು, ಬೆಳಕಿನ ಚಿಕಿತ್ಸೆ. ಬಗ್ಗದಿದ್ರೆ, ಕಾವಲುಗಾರನನ್ನ ಕೂಗಿ ಕರೆಯೋ ಸಂಕೇತವನ್ನಷ್ಟೇ ತಡೆಯೋ ಚುಚ್ಚುಮದ್ದಿದೆ. ಇದು ಯಾರಿಗೂ ಅಂಟಲ್ಲ."

"ಭಾನುವಾರದೊಳಗೆ ಹೋಗುತ್ತಾ?"

"ತಿಂಗಳುಗಳೇ ಬೇಕು."

ಭಾನುವಾರ ಕಿಯೊಲ್ ಬಂದ. "ಮೊಣಕಾಲು ನೋವಪ್ಪ, ನಡೆಯೋಕಾಗಲ್ಲ," ಎಂದು ಸುಳ್ಳು ಹೇಳಿದೆ. ಅವನು ಬೆನ್ನು ತಿರುಗಿಸಿ ಕುಕ್ಕರುಗಾಲಲ್ಲಿ ಕುಳಿತ. "ಹತ್ತಿ ಮಾವ, ಹೊತ್ಕೊಂಡು ಹೋಗ್ತೀನಿ."

ನಾನು ಹತ್ತಿದರೆ ಆ ಭಾರಕ್ಕೆ ಮಗಳಿಗೆ ಗಂಡನೇ ಉಳಿಯುವುದಿಲ್ಲ. ಬೇರೆ ದಾರಿಯಿಲ್ಲದೆ ತೋಳು ಮಡಚಿ ಮೊಣಕೈ ತೋರಿಸಿದೆ. "ನೋಡಪ್ಪ, ನಮ್ಮ ದೇಹದಲ್ಲಿ ಒಬ್ಬ ಕಾವಲುಗಾರ…"

"ಗೊತ್ತು ಮಾವ. ಮೊದಲ ಸಲ ಊಟಕ್ಕೆ ಬಂದಾಗ ನಿಮ್ಮ ಮೆತ್ತೆ ಮೇಲೆ ಕೂತಿದ್ದೆ. ಕಪ್ಪು ಪ್ಯಾಂಟಿನ ಹಿಂದೆಲ್ಲ ಬೆಳ್ಳಗೆ. ಹಿಟ್ಟಿನ ಗಿರಣೀಲಿ ಕೆಲಸವಾ ಅಂತ ಬಸ್ಸಲ್ಲಿ ಒಬ್ಬರು ಅಜ್ಜಿ ಕೇಳಿದ್ರು. ಆಮೇಲೆ ಸೋಲ್ಮಿ ಎಲ್ಲ ಹೇಳಿದ್ಲು. ಅದಕ್ಕೇ ಗವಸು ತಂದಿಲ್ಲ. ಬರೀ ಅಂಗೈಲಿ ಸೋಪು ಹಚ್ತೀನಿ."

ಓಕ್‌ಬುನ್ ನಗು ತಡೆಯಲಾರದೆ ಬಾಗಿಲಿಗೆ ಒರಗಿದಳು. "ಈಗಲಾದ್ರೂ ಆ ಮೆತ್ತೇನ ಒಗೆಯೋಕೆ ಕೊಡ್ತೀರಾ? ರೀ, ನಿಮಗೇ ಹೇಳ್ತಿರೋದು…"

ನಾನು ಟವೆಲನ್ನು ಹೆಗಲಿಗೆ ಹಾಕಿ, ಚಪ್ಪಲಿ ಮೆಟ್ಟಿ, ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಹೊರಟೇಬಿಟ್ಟೆ.

"ಮಾವ, ನಿಧಾನ," ಎಂದು ಮೇಲಿನಿಂದ ಕೂಗು ಕೇಳಿಸಿತು. "ಮೊಣಕಾಲು ನೋವಲ್ವಾ?"