ನಾನು ಹಾಸಿದ ಗೋಣಿಚೀಲ

ಅಂಜಿಕೆಗೆ ಸಂಬಳ ಕೊಡುವ ಪದ್ಧತಿ ಇದ್ದಿದ್ದರೆ ನಾನು ಎಂದೋ ಮಾಸ್ತರಿಕೆ ಬಿಟ್ಟು ಶ್ರೀಮಂತನಾಗುತ್ತಿದ್ದೆ. ಮಕ್ಕಳು ಬಾವಿಯ ಕಡೆ ಮುಖ ಮಾಡಿದರೆ ಸಾಕು, ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ನಮ್ಮೂರು ಯರಗುಪ್ಪಿಗೆ ಬರುವ ಬಸ್ಸಿನ ಹಿಂದಿನ ಏಣಿ ಕಂಡರೆ, ಅದನ್ನು ಯಾರೂ ಹತ್ತದಿದ್ದರೂ, ಕೈಕಾಲು ತಣ್ಣಗಾಗುತ್ತಿದ್ದವು. ಹನ್ನೆರಡು ವರ್ಷದ ಗಿರಿಜಾ, ಆರು ವರ್ಷದ ಬಸು, ಇಬ್ಬರಿಗೂ ಎತ್ತಿನ ಹಿಂದೆ ಹಾಯಬಾರದು, ಬಣವಿ ಹತ್ತಬಾರದು, ಕಡ್ಡಿಪೆಟ್ಟಿಗೆ ಮುಟ್ಟಬಾರದು ಎಂದು ದಿನಾ ಬೆಳಗಿನ ಚಹಾದ ಜೊತೆ ಪಾಠ ನಡೆಯುತ್ತಿತ್ತು. ಇಸವಿ ಎಂಬತ್ತೆರಡೋ ಎಂಬತ್ತಮೂರೋ ಇರಬೇಕು, ಬಾಣಂತಿ ತಂಗಿಯನ್ನು ನೋಡಲು ನಾಲ್ಕು ದಿನ ಕುಬಿಹಾಳಕ್ಕೆ ಹೊರಟ ನನ್ನ ಹೆಂಡತಿ, "ಹುಡುಗರನ್ನ ಜ್ವಾಕಿ ನೋಡ್ಕೋರಿ" ಎಂದಳು. "ಅದನ್ನ ನನಗ ಹೇಳ್ತೀ?" ಎಂದೆ. "ಹೇಳಿದ್ದ ತಪ್ಪಾತ್ರಿ. ಗಾದಿಯೊಳಗ ಸುತ್ತಿ, ಟ್ರಂಕಿನ್ಯಾಗಿಟ್ಟು ಕೀಲಿ ಹಾಕೋ ಪೈಕಿ ನೀವು" ಎಂದು ನಕ್ಕು ಬಸ್ಸು ಹತ್ತಿದಳು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ.

ಅದೇ ವಾರ ಅಂಗಳದ ಹಗೇವು ತೆಗೆಯುವುದಿತ್ತು. ಜೋಳ ತುಂಬಿಡಲು ನಮ್ಮ ಅಜ್ಜ ನೆಲದೊಳಗೆ ತೋಡಿಸಿದ್ದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಎರಡಾಳು ಆಳ. ಬಹಳ ದಿನ ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಇಳಿದವನಿಗೆ ಕೂಗುವಷ್ಟೂ ಪುರಸತ್ತು ಸಿಗುವುದಿಲ್ಲ. ನಮ್ಮ ಹೊಲ ನೋಡಿಕೊಳ್ಳುವ ಫಕೀರಪ್ಪ ಕಾಕಾ ಮಧ್ಯಾಹ್ನ ಬಾಯಿಕಲ್ಲು ಸರಿಸಿ, "ಮಾಸ್ತರ್ರ, ಇವತ್ತ ಹಿಂಗ ಇರಲಿ, ಗಾಳಿ ಆಡಲಿ. ನಾಳೆ ಮುಂಜಾನೆ ಕಂದೀಲ ಇಳಿಬಿಟ್ಟ ನೋಡೂಣು. ಅಲ್ಲೀತನಕ ಹುಡುಗರ ಮ್ಯಾಲೆ ಕಣ್ಣಿರಲಿ" ಎಂದು ಹೋದ.

ಬಸು ಬಗ್ಗಿ ನೋಡಿದರೆ? ನನ್ನ ತಲೆ ಓಡಿತು. ತೂತು ಕಂಡರಲ್ಲವೇ ಬಗ್ಗುವುದು! ಗೋಣಿಚೀಲ ತಂದು ಹಗೇವಿನ ಬಾಯಿಯ ಮೇಲೆ ಹಾಸಿ, ನಾಲ್ಕು ಮೂಲೆಗೂ ಮಣ್ಣಿನ ಹೆಂಟೆ ಇಟ್ಟೆ. ಗಾಳಿಯೂ ಆಡುತ್ತದೆ, ಹುಡುಗನೂ ಉಳಿಯುತ್ತಾನೆ. ಸುಕ್ಕಿಲ್ಲದಂತೆ ಜಗ್ಗಿ ನೇರ ಮಾಡಿದವನೂ ನಾನೇ. ಆ ಸಮಾಧಾನದಲ್ಲಿ ಓಣಿಯ ತುದಿಯ ಕಟ್ಟೆಗೆ ಹೋಗಿ, "ಮಕ್ಕಳನ್ನ ಹಡದರ ಸಾಲದು, ಕಾಯಾಕ ಬರಬೇಕು" ಎಂದು ಕೂತವರಿಗೆಲ್ಲ ತಿಳಿಹೇಳಿದೆ. ಸಂಜೆ ಮನೆಗೆ ಬಂದರೆ ಗಿರಿಜಾ ಬಾಗಿಲಲ್ಲೇ ನಿಂತಿದ್ದಳು. "ಅಪ್ಪಾ, ಆ ಚೀಲ..." "ಅದರ ಹತ್ರ ಹಾಯಬ್ಯಾಡ ಅಂತ ಎಷ್ಟ ಸಲ ಹೇಳಬೇಕ ನಿನಗ? ಒಳಗ ಹೋಗಿ ಓದ್ಕೋ, ಹೋಗ." ಒಂದು ಸಲವೂ ಹೇಳಿರಲಿಲ್ಲ ಎಂಬುದು ನನಗೆ ಆಮೇಲೆ ನೆನಪಾಯಿತು.

ಮುಂಜಾನೆ ಬರಿಗಾಲಲ್ಲಿ ಅಂಗಳಕ್ಕಿಳಿದೆ. ಹಿಮ್ಮಡಿಗೆ ಜಾಲಿ ಮುಳ್ಳು ನಟ್ಟಿತು. ನೋಡಿದರೆ ಹಗೇವಿನ ಸುತ್ತ ಸೊಂಟದೆತ್ತರ ಜಾಲಿಕಂಟಿ! "ಯಾವ ಶಾಣ್ಯಾನ ಕೆಲಸ ಇದು?" ಎಂದು ಕೂಗಿದೆ. ಕಸಬರಿಗೆ ಹಿಡಿದು ನಿಂತಿದ್ದ ಗಿರಿಜಾ, "ನಾನ ಹಚ್ಚೇನಿ" ಎಂದಳು. "ಸಣ್ಣ ಹುಡುಗರು ಓಡಾಡೋ ಅಂಗಳದಾಗ ಮುಳ್ಳ ಹಾಕ್ತಾರೇನ ಬೇ?" ಎನ್ನುತ್ತ ಕೆನ್ನೆಗೆ ಕೊಟ್ಟೇಬಿಟ್ಟೆ. ಅವಳು ಅಳಲಿಲ್ಲ. ಅತ್ತವನು ಬಸು. "ಅಕ್ಕನ್ನ ಯಾಕ ಹೊಡದಿ? ನಾ ನಿನ್ನಿ ಬರಿಯೋ ಪಾಟಿ ತಗೊಂಡ ಚೀಲದ ಮ್ಯಾಲೆ ಕುಂದ್ರಾಕ ಹೊಂಟಿದ್ದೆ. ಅಕ್ಕ ಅಂಗಿ ಹಿಡದ ಜಗ್ಗಿದ್ಲು. ಚೀಲ ನೀನ ಹಾಸಿದ್ದೆಲ್ಲ!"

ನಮ್ಮ ಕಡೆ ಅಂಗಳದಲ್ಲಿ ಚೀಲ ಹಾಸುವುದು ಬಂದವರು ಕೂಡಲಿ ಎಂದೇ. ಹೊಂಡದ ಮೇಲೆ ಹಾಸಿ ಮಗನನ್ನು ಕರೆದಿದ್ದೆ ನಾನು.

ಅಷ್ಟರಲ್ಲಿ ಫಕೀರಪ್ಪ ಕಾಕಾ ಬಂದು ಚೀಲ ತೆಗೆದು, ಹಗ್ಗ ಕಟ್ಟಿದ ಕಂದೀಲನ್ನು ಒಳಗೆ ಇಳಿಬಿಟ್ಟ. ಅರ್ಧ ಇಳಿಯುವಷ್ಟರಲ್ಲಿ ಉರಿ ಸಣ್ಣದಾಗಿ, ನೀಲಿಯಾಗಿ, ಆರಿಹೋಯಿತು. ಕಾಕಾ ಹಗ್ಗ ಸುತ್ತುತ್ತ, "ಇನ್ನೊಂದ ದಿನ ಬೇಕ್ರಿ. ಆದರ ಮುಳ್ಳ ಅಗದಿ ಭೇಷಿ ಹಚ್ಚೀರಿ ಮಾಸ್ತರ್ರ. ಹುಡುಗರಿದ್ದ ಮನಿ, ತಂದಿ ಅಂದ್ರ ಹಿಂಗಿರಬೇಕ" ಎಂದ. ಗಿರಿಜಾ ನನ್ನನ್ನೇ ನೋಡುತ್ತಿದ್ದಳು. ನಾನು "ಹೂಂ" ಎಂದೆ.

ಹಿಮ್ಮಡಿಯ ಮುಳ್ಳು ತೆಗೆದವಳೂ ಅವಳೇ. ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, "ಅಳ್ಳಾಡಬ್ಯಾಡ" ಎಂದು ಪಿನ್ನಿನಿಂದ ಕೆದಕುತ್ತಿದ್ದಳು. ಕೆನ್ನೆಯ ಮೇಲೆ ನನ್ನ ಬೆರಳು ಇನ್ನೂ ಕೆಂಪಗೆ ಮೂಡಿದ್ದವು. "ತಪ್ಪಾತವ್ವಾ" ಎಂಬ ಮಾತು ಗಂಟಲವರೆಗೆ ಬಂತು. ಬಾಯಿಂದ ಹೊರಬಿದ್ದದ್ದು, "ಪಿನ್ನು ತೊಳದೀಯಿಲ್ಲೋ? ಧನುರ್ವಾಯು ಆಗತೈತಿ" ಎಂದು.

ನಾಲ್ಕನೆಯ ದಿನ ಹೆಂಡತಿ ಬಂದಳು. ಹಗೇವು ಖಾಲಿಯಾಗಿ ಬಾಯಿಕಲ್ಲು ಮತ್ತೆ ಕೂತಿತ್ತು. ಸಂಜೆ ಎಲ್ಲರೂ ಕೂಡಲೆಂದು ನಾನು ಅಂಗಳದಲ್ಲಿ ಚೀಲ ಹಾಸಿದೆ. ಬಸು ಓಡಿ ಬಂದ. ಗಿರಿಜಾ ಅವನ ತೋಳು ಹಿಡಿದು ನಿಲ್ಲಿಸಿ, ಚೀಲದ ಮೂಲೆ ಎತ್ತಿ ಕೆಳಗೆ ನೋಡಿದಳು. ಕಾಲಿನಿಂದ ನೆಲವನ್ನು ಎರಡು ಸಲ ಗುದ್ದಿದಳು. ಆಮೇಲೆ, "ಹೂಂ, ಕುಂದ್ರು" ಎಂದಳು.

"ಥೇಟ ನಿಮ್ಮಂಗ ಅಂಜಬುರುಕಿ ಆಗ್ಯಾಳ ನೋಡ್ರಿ" ಎಂದು ಹೆಂಡತಿ ನಕ್ಕಳು. ನಾನೂ ನಕ್ಕೆ. ಹೆಂಡತಿ ಚೀಲ ಹಾಸಿದರೆ ಗಿರಿಜಾ ಎತ್ತಿ ನೋಡುವುದಿಲ್ಲ ಎಂಬುದನ್ನು ನಾನು ಹೆಂಡತಿಗೆ ಇಂದಿಗೂ ಹೇಳಿಲ್ಲ.